ನೆಡ್ ಫ್ಲಾಂಡರ್ಸನ ಮನೆ, ನರಸೋಬಾವಾಡಿಯ ನೀರು

ಮಹಾಪೂರ ಇಳಿದ ಮೇಲೆ ಊರಲ್ಲಿ ಕೆಸರಿನ ಜೊತೆ ಒಂದು ಮಾತೂ ಉಳಿದುಬಿಡುತ್ತದೆ: ನಂಬಿದವರನ್ನು ದೇವರು ಕೈಬಿಡಲಿಲ್ಲ. 2013ರ ಜೂನ್‌ನಲ್ಲಿ ಬಂಡೆಯೊಂದು ಉರುಳಿಬಂದು ಕೇದಾರನಾಥದ ಗುಡಿಯ ಹಿಂದೆ ನಿಂತು ಗುಡಿ ಉಳಿದಾಗಲೂ ದೇಶವೆಲ್ಲ ಇದೇ ಮಾತಾಡಿತು. ಸುತ್ತ ಸತ್ತ ಸಾವಿರಾರು ಯಾತ್ರಿಕರೂ ನಂಬಿಯೇ ಅಲ್ಲಿಗೆ ಹೋಗಿದ್ದರು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೃಷ್ಣಾ, ಪಂಚಗಂಗಾ, ವಾರಣಾ, ದೂಧಗಂಗಾ ಎಂಬ ನಾಲ್ಕು ಹೊಳೆಗಳ, ಮಹಾರಾಷ್ಟ್ರದ ಗಡಿಯ ಶಿರೋಳ ತಾಲ್ಲೂಕು 2019ರ ಆಗಸ್ಟ್‌ನಲ್ಲಿ ಮುಳುಗಿತು, 2021ರ ಜುಲೈನಲ್ಲಿ ಮತ್ತೆ ಮುಳುಗಿತು. ಅಂಥ ನೆಲದಲ್ಲಿ ಈ ಮಾತು ಸಮಾಧಾನವಾಗುವುದಿಲ್ಲ. ಗೋಡೆ ಬಿದ್ದವನ ಕಿವಿಗೆ ಅದು ಆರೋಪ. ಹಾಗಾದರೆ ತನ್ನ ಭಕ್ತಿಯಲ್ಲಿ ಏನು ಕೊರತೆಯಿತ್ತು ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ಟಿವಿಯಲ್ಲಿ ನೇರವಾಗಿ ಎತ್ತಿದ್ದು ಭಕ್ತಿಯ ಧಾರಾವಾಹಿಯಲ್ಲ, ಅಮೆರಿಕದ ಒಂದು ಹಾಸ್ಯ ಕಾರ್ಟೂನು. ‘ದಿ ಸಿಂಪ್ಸನ್ಸ್’ ಸರಣಿಯಲ್ಲಿ ನೆಡ್ ಫ್ಲಾಂಡರ್ಸ್ ಎಂಬ ದೈವಭೀರು ನೆರೆಯವನಿದ್ದಾನೆ. 1996ರ ಡಿಸೆಂಬರ್ 29ರಂದು ಬಂದ ‘ಹರಿಕೇನ್ ನೆಡ್ಡಿ’ ಕಂತಿನಲ್ಲಿ ಚಂಡಮಾರುತ ಬೀಸುತ್ತದೆ. ಸೋಮಾರಿ ಹೋಮರ್ ಸಿಂಪ್ಸನ್‌ನ ಮನೆ ಗಟ್ಟಿಯಾಗಿ ನಿಲ್ಲುತ್ತದೆ, ಪಕ್ಕದ ಫ್ಲಾಂಡರ್ಸನ ಮನೆ ನೆಲಸಮ. ವಿಮೆಯೂ ಇಲ್ಲ, ಏಕೆಂದರೆ ವಿಮೆ ಎಂದರೆ ಅವನ ಕಣ್ಣಿಗೆ ಜೂಜು. ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆಯೇ ಎಂದು ಪಾದ್ರಿಯನ್ನು ಕೇಳಿದರೆ, ಪಾದ್ರಿ ಹೌದೆನ್ನದೆ ಅಲ್ಲವೆನ್ನದೆ ನುಣುಚಿಕೊಳ್ಳುತ್ತಾನೆ. ಊರವರು ಸೇರಿ ಕಟ್ಟಿಕೊಟ್ಟ ಹೊಸ ಮನೆಯೂ ಕುಸಿದಾಗ ಎಂದೂ ದನಿ ಎತ್ತದ ಭಕ್ತ ಊರಿಗೆ ಊರನ್ನೇ ಬೈದು, ತಾನಾಗಿ ಹೋಗಿ ಮಾನಸಿಕ ಆಸ್ಪತ್ರೆ ಸೇರುತ್ತಾನೆ. ಕೊನೆಗೆ ಅವನ ಕೋಪಕ್ಕೆ ಮದ್ದು ಸಿಗುತ್ತದೆ, ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಕಂತಿನ ಯೋಗ್ಯತೆ ಇರುವುದೇ ಅಲ್ಲಿ.

ಕಾರ್ಟೂನು ನಗುವುದಕ್ಕಷ್ಟೇ, ಅದರಲ್ಲಿ ದೇವರನ್ನೇಕೆ ಹುಡುಕುತ್ತೀರಿ ಎನ್ನುವವರು ಮಕ್ಕಳ ಪಕ್ಕದಲ್ಲಿ ಕೂತು ಒಂದು ಕಂತನ್ನೂ ನೋಡಿದವರಲ್ಲ.

ನಮ್ಮ ಪರದೆಯ ಮೇಲೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಬೆಂಗಳೂರು ಇಸ್ಕಾನ್‌ನ ಇಂಡಿಯನ್ ಹೆರಿಟೇಜ್ ಫೌಂಡೇಶನ್ ಮತ್ತು ಬಿಗ್ ಅನಿಮೇಷನ್ ಸೇರಿ ಮಾಡಿದ ‘ಲಿಟಲ್ ಕೃಷ್ಣ’ 2009ರಲ್ಲಿ ನಿಕ್ ವಾಹಿನಿಯಲ್ಲಿ ಬಂತು. ಚಿತ್ರಣ ಸೊಗಸಾಗಿತ್ತು, ಮಕ್ಕಳು ಕಣ್ಣರಳಿಸಿ ನೋಡಿದರು. ಆದರೆ ಗೋವರ್ಧನದ ಕತೆಯ ತರ್ಕ ಎಂಥದು? ಪೂಜೆ ನಿಂತಿತೆಂದು ಇಂದ್ರ ಮಳೆ ಸುರಿಸುತ್ತಾನೆ, ಕೃಷ್ಣ ಬೆಟ್ಟ ಎತ್ತುತ್ತಾನೆ, ಗೋಕುಲದ ಒಂದು ಕರುವೂ ಸಾಯುವುದಿಲ್ಲ. ಮಳೆ ಎಂದರೆ ಸಿಟ್ಟು, ನಂಬಿಕೆ ಎಂದರೆ ಕೊಡೆ. ಶಿರೋಳ ತಾಲ್ಲೂಕಿನ ಕುರುಂದವಾಡದಲ್ಲಿ ಮಂಡಿಯುದ್ದ ನೀರಿನಲ್ಲಿ ಎಮ್ಮೆ ಬಿಚ್ಚಿಕೊಂಡು ಓಡಿದ ಮನೆಯ ಮಗು ಆ ಕೊಡೆ ತನ್ನ ಮೇಲೆ ಏಕೆ ಬಿಚ್ಚಿಕೊಳ್ಳಲಿಲ್ಲ ಎಂದು ಕೇಳಿದರೆ ಆ ಕತೆಯೊಳಗೆ ಜವಾಬಿಲ್ಲ.

ಜವಾಬು ಮೂರು ಹೆಜ್ಜೆ ಆಚೆಗೇ ಇದೆ. ಕೃಷ್ಣೆಗೆ ಪಂಚಗಂಗೆ ಕೂಡುವಲ್ಲಿ ನರಸೋಬಾವಾಡಿ. ಕನ್ನಡದ ಭಕ್ತರಿಗೆ ಬರೀ ‘ವಾಡಿ’. ಗಾಣಗಾಪುರಕ್ಕೆ ಹೋಗುವ ಮುನ್ನ ದತ್ತಪರಂಪರೆಯ ಗುರು ನೃಸಿಂಹಸರಸ್ವತಿಗಳು ಇಲ್ಲಿ ಹನ್ನೆರಡು ವರ್ಷ ಇದ್ದರೆಂದು ನಂಬಿಕೆ. ಗುಡಿಯಲ್ಲಿರುವುದು ದತ್ತನ ಪಾದುಕೆ, ಗುಡಿ ಇರುವುದು ಹೊಳೆಯ ಘಾಟಿನ ಮೇಲೆಯೇ. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ನೀರು ಉತ್ತರದಿಂದ ಒಳನುಗ್ಗಿ, ಪಾದುಕೆಗಳ ಮೇಲೆ ಹಾಯ್ದು, ದಕ್ಷಿಣದ ಬಾಗಿಲಿಂದ ಹೊರಬೀಳುತ್ತದೆ. ಅದು ದಕ್ಷಿಣದ್ವಾರ ಸೋಹಳಾ ಎಂಬ ಉತ್ಸವ. ಆ ನೀರಲ್ಲಿ ಮೀಯಲು ಗಡಿಯ ಎರಡೂ ಕಡೆಯಿಂದ ಜನ ಓಡಿಬರುತ್ತಾರೆ. ಹೊಳೆ ಇನ್ನೂ ಏರಿದರೆ ಅರ್ಚಕರು ಉತ್ಸವಮೂರ್ತಿಯನ್ನು ಎತ್ತಿಕೊಂಡು ಮೇಲಿನ ನಾರಾಯಣಸ್ವಾಮಿ ಮಂದಿರಕ್ಕೆ ಒಯ್ಯುತ್ತಾರೆ, ಪೂಜೆ ಅಲ್ಲಿ ಮುಂದುವರಿಯುತ್ತದೆ. ದೇವರು ಹೊಳೆ ತಡೆಯುವುದಿಲ್ಲ. ಊರವರ ಹಾಗೆ ತಾನೂ ಎತ್ತರದ ಜಾಗಕ್ಕೆ ಹೋಗುತ್ತಾನೆ. ಇದನ್ನು ದೇವರ ಸೋಲೆಂದು ವಾಡಿಯಲ್ಲಿ ಯಾರೂ ಎಣಿಸಿದ್ದಿಲ್ಲ. (ಘಾಟಿನಲ್ಲಿ ಹಬ್ಬವಾದ ಆ ನೀರೇ ಆಚೆ ದಂಡೆಯ ಕಬ್ಬನ್ನು ಕೊಳೆಸುತ್ತದೆ ಎಂಬುದೂ ನಿಜ, ಮಿಂದು ಊರಿಗೆ ಮರಳುವ ಯಾತ್ರಿಕನಿಗೆ ಅದು ಕಾಣುವುದಿಲ್ಲ.) ವಾಡಿಯ ಭಕ್ತಿ ಹೊಳೆಯ ಜೊತೆ ಕರಾರು ಮಾಡಿಕೊಂಡಿಲ್ಲ. ಕಷ್ಟವನ್ನು ಭಕ್ತಿಯ ಅಳತೆಗೋಲು ಮಾಡುವ ಚಟ ಈ ನೆಲದ್ದಲ್ಲ, ಅವಸರದ ಬಾಯಿಗಳದ್ದು.

ಅವಸರದ ಬಾಯಿ ಎಂದು ತಳ್ಳಿಹಾಕಲಾಗದ ಒಬ್ಬರಿದ್ದಾರೆ. 1934ರ ಜನವರಿ 15ರಂದು ಬಿಹಾರ ಕಂಪಿಸಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧಿ. ರವೀಂದ್ರನಾಥ ಟಾಗೋರ್ ಇದು ಅವೈಜ್ಞಾನಿಕ ಎಂದು ಬಹಿರಂಗವಾಗಿ ಆಕ್ಷೇಪಿಸಿದರು. ಗಾಂಧಿ ಅದನ್ನು ತಮ್ಮ ‘ಹರಿಜನ’ದಲ್ಲೇ ಅಚ್ಚುಹಾಕಿ ಉತ್ತರಿಸಿದರು. ಗಾಂಧಿ ದೂರಿದ್ದು ಸತ್ತವರನ್ನಲ್ಲ, ತಾವೂ ಸೇರಿದ್ದ ಇಡೀ ಸಮಾಜವನ್ನು. ಆ ಮಾತಿಗೆ ಒಂದು ನೈತಿಕ ಘನತೆಯಿತ್ತು. ಆದರೂ ಈ ವಾದದಲ್ಲಿ ಟಾಗೋರರೇ ಸರಿ. ಪಾಪಿಗಳನ್ನು ಆರಿಸಿ ಬೀಳಿಸುವ ಭೂಕಂಪ ಇಲ್ಲ. ಹೊಳೆಗಂತೂ ಬೇರೆ ಕಾರಣಗಳಿವೆ. 2019ರ ಮಹಾಪೂರದ ಬಗ್ಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ವಿಪರೀತ ಮಳೆಯತ್ತ, ನದಿಪಾತ್ರದ ಒತ್ತುವರಿಯತ್ತ ಬೊಟ್ಟು ಮಾಡಿತು. ಕರ್ನಾಟಕದ ಆಲಮಟ್ಟಿ ಅಣೆಕಟ್ಟು ಕಾರಣವಲ್ಲ ಎಂದಿತು. ಶಿರೋಳದಲ್ಲಿ ಇದನ್ನು ಒಪ್ಪದವರು ಬೇಕಾದಷ್ಟು ಮಂದಿ. ಆ ಜಗಳ ನಡೆಯಬೇಕಾದದ್ದೇ. ಎಲ್ಲವೂ ದೈವೇಚ್ಛೆ ಎಂದಾಗ ಮೊದಲು ನಿಲ್ಲುವುದು ಇಂಥ ಜಗಳ, ಮೊದಲು ನಿಟ್ಟುಸಿರು ಬಿಡುವವರು ಹೊಳೆಪಾತ್ರ ಒತ್ತಿದವರು.

ಇಷ್ಟಾದರೂ ಒಂದು ಆಕ್ಷೇಪಕ್ಕೆ ತಲೆಬಾಗಲೇಬೇಕು. ಪರಿಹಾರ ಕೇಂದ್ರವಾದ ಶಾಲೆಯ ಜಮಖಾನದ ಮೇಲೆ ಮಲಗಿದ ಆರು ವರ್ಷದ ಮಗುವಿಗೆ ಉತ್ತರವಿಲ್ಲದ ಪ್ರಶ್ನೆ ಬೇಡ. ಅದಕ್ಕೆ ಆ ರಾತ್ರಿ ಬೆಟ್ಟ ಎತ್ತುವ ಕಿರುಬೆರಳೇ ಬೇಕು. ಭಯದಲ್ಲಿರುವ ಮಗುವಿನ ಕೈಯಿಂದ ಗೋವರ್ಧನವನ್ನು ಕಿತ್ತುಕೊಳ್ಳುವುದು ಕ್ರೌರ್ಯ. ಆದರೆ ಆ ಮಗು ಹತ್ತು ದಾಟುತ್ತದೆ, ಹನ್ನೆರಡು ದಾಟುತ್ತದೆ. ಆಗಲೂ ಕಿರುಬೆರಳೊಂದನ್ನೇ ತೋರಿಸುತ್ತಿದ್ದರೆ ಅದು ಮಗುವಿನ ಮೇಲಿನ ಕರುಣೆಯಲ್ಲ, ದೊಡ್ಡವರ ಪುಕ್ಕಲು.

ಉತ್ತರವಿಲ್ಲದ ಪ್ರಶ್ನೆ ಮಕ್ಕಳಿಗೆ ಅರಗುವುದಿಲ್ಲ ಎಂಬ ಮಾತಿಗೆ ವಿರುದ್ಧವಾಗಿ ಮತ್ತೆ ಗಾಂಧಿಯೇ ಸಾಕ್ಷಿ. ಹುಡುಗನಾಗಿದ್ದಾಗ ನೋಡಿದ ಹರಿಶ್ಚಂದ್ರ ನಾಟಕ ತನ್ನನ್ನು ಕಾಡಿತು, ನೆನೆದು ಎಷ್ಟೋ ಸಲ ಅತ್ತೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ದಾದಾಸಾಹೇಬ ಫಾಲ್ಕೆ 1913ರಲ್ಲಿ ತೆರೆಗೆ ತಂದ ಸಿನಿಮಾಕ್ಕೆ ಆರಿಸಿಕೊಂಡದ್ದೂ ಅದೇ ಕತೆ. ಕನ್ನಡದಲ್ಲಿ ಅದಕ್ಕೆ ರಾಘವಾಂಕನಿದ್ದಾನೆ: ಇಂದ್ರಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರಿಗೆ ಹಟ ಬೀಳುತ್ತದೆ, ಭೂಮಿಯ ಮೇಲೆ ಏನೂ ಅರಿಯದ ರಾಜ ಹೆಂಡತಿ ಮಗನನ್ನು ಮಾರುತ್ತಾನೆ. ಕೊನೆಗೆ ಎಲ್ಲವೂ ಮರಳಿ ಬರುತ್ತದೆ, ನಿಜ. ಆದರೆ ಕೇಳುಗರ ಎದೆಯಲ್ಲಿ ನಿಂತಿರುವುದು ಆ ವರವಲ್ಲ, ಮಗನ ಹೆಣ ಹೊತ್ತು ಮಸಣಕ್ಕೆ ಬಂದ ಚಂದ್ರಮತಿ. ನಮ್ಮ ಅನಿಮೇಷನ್ ಸ್ಟುಡಿಯೋಗಳು ಈ ಕತೆಗೆ ಕೈಹಾಕುವುದಾದರೆ ಕೊನೆಯ ವರಪ್ರದಾನವನ್ನು ಬಿಡಬೇಕಾಗಿಲ್ಲ. ಆ ಮಸಣದ ರಾತ್ರಿಗೆ ಒಂದು ಪೂರ್ತಿ ಕಂತು ಕೊಡಲಿ.