ಕೈಗೆ ಸಿಕ್ಕಿದ ಲೆಕ್ಕ ತಲೆಗೂ ಸಿಕ್ಕೀತು

ಗಣಿತವೆಂಬ ಶಬ್ದ ಕಿವಿಗೆ ಬಿದ್ದೊಡನೆ ಮುಖ ಬಾಡಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹೀಗಿರುವಾಗ ಕಣ್ಣು ಕಾಣದ, ಕಿವಿ ಕೇಳದ, ಕಲಿಕೆ ನಿಧಾನವಾದ, ಇಲ್ಲವೇ ಅಂಕಿಗಳು ಕಣ್ಣೆದುರಿಗೇ ಗೊಂದಲಗೊಳ್ಳುವ ಮಗುವಿನ ಪಾಡೇನು? ಅಂತಹ ಮಗುವನ್ನು ನೋಡಿ ಹಿರಿಯರು ಮರುಕದಿಂದ, “ಪಾಪ, ಇವನಿಗೆ ಲೆಕ್ಕ ಯಾಕೆ? ಹೆಸರು ಬರೆಯಲು ಬಂದರೆ ಸಾಕು” ಎಂದುಬಿಡುತ್ತಾರೆ. ಈ ಮರುಕವನ್ನು ನಾವು ಒಪ್ಪುವುದಿಲ್ಲ. ಲೆಕ್ಕ ಬಾರದವನು ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾರ, ಕೂಲಿಯ ಹಣ ಸರಿಯಿದೆಯೇ ಎಂದು ನೋಡಲಾರ, ಮೋಸ ಹೋದರೂ ತಿಳಿಯಲಾರ. ಬಾಳೆಲ್ಲ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಆದುದರಿಂದ ಇಂತಹ ಮಗುವಿಗೆ ಲೆಕ್ಕ ಇತರರಿಗಿಂತ ಹೆಚ್ಚು ಬೇಕು. ಅದನ್ನು ಕಲಿಸುವ ದಾರಿ ಮಾತ್ರ ಬೇರೆಯಾಗಬೇಕು. ಆ ದಾರಿ ಕೈಯಿಂದ ಆರಂಭವಾಗುತ್ತದೆ.

ಇದು ಹೊಸ ಮಾತಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿಯವರು ಮೊದಲು ಕೆಲಸ ಮಾಡಿದ್ದು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಜೊತೆ. ಮುಟ್ಟಿ, ಜೋಡಿಸಿ, ಎತ್ತಿಟ್ಟು ಕಲಿಯುವ ಸಾಧನಗಳಿಂದ ಆ ಮಕ್ಕಳು ಮುಂದೆ ಬಂದದ್ದನ್ನು ಕಂಡ ಮೇಲೆಯೇ, 1907ರಲ್ಲಿ ರೋಮ್ ನಗರದಲ್ಲಿ ತೆರೆದ ಶಿಶುಗೃಹದಲ್ಲಿ ಅದೇ ಕ್ರಮವನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿದರು. ಒಂದು ಮಣಿ, ಹತ್ತು ಮಣಿಯ ಸರಳು, ನೂರರ ಚೌಕ, ಸಾವಿರದ ಘನ: ಸಾವಿರವೆಂದರೆ ಎಷ್ಟೆಂಬುದನ್ನು ಮಗು ಅಂಗೈಯಲ್ಲೇ ತೂಗಿ ನೋಡಬಹುದು. 1939ರಲ್ಲಿ ಆಕೆ ಮದ್ರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದರು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಹುಟ್ಟಿದ ಕ್ರಮವೇ ಇಂದು ಸಿರಿವಂತರ ಮಕ್ಕಳ ಶಾಲೆಗಳಿಗೆ ಭೂಷಣವಾಗಿದೆ! ಯಾರಿಗಾಗಿ ಹುಟ್ಟಿತೋ ಅವರಿಗೆ ಅದು ದೊರೆಯದಿದ್ದರೆ ಅದು ನ್ಯಾಯವೇ?

ದೃಷ್ಟಿಯಿಲ್ಲದವರಿಗೆ ಟೇಲರ್ ಚೌಕಟ್ಟು ಎಂಬ ಹಲಗೆಯಿದೆ. ಅದರ ತುಂಬ ನಕ್ಷತ್ರಾಕಾರದ ರಂಧ್ರಗಳು. ಲೋಹದ ಪುಟ್ಟ ಮೊಳೆಯೊಂದನ್ನು ಎಂಟು ದಿಕ್ಕಿಗೆ ತಿರುಗಿಸಿ ನೆಡಬಹುದು. ಎರಡು ತುದಿಗಳ ಗುರುತು ಬೇರೆ ಬೇರೆ. ಹೀಗೆ ಒಂದೇ ಮೊಳೆಯಿಂದ 16 ಚಿಹ್ನೆಗಳು. ಬೆರಳಿನಿಂದ ಓದುತ್ತ ಕೂಡು, ಕಳೆ, ಗುಣಾಕಾರ, ಭಾಗಾಕಾರ ಎಲ್ಲವನ್ನೂ ಮಾಡಬಹುದು. ನಮ್ಮ ಗಡಿಯಾಚೆಯ ಬೆಂಗಳೂರಿನಲ್ಲಿ, ಹುಟ್ಟಿನಿಂದ ದೃಷ್ಟಿಯಿಲ್ಲದ ವಿದ್ಯಾ ವೈ. ಅವರು ಐಐಐಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಂತಹ ಮಕ್ಕಳಿಗೆ ಗಣಿತ, ವಿಜ್ಞಾನಗಳನ್ನು ಎಟುಕಿಸುವ ‘ವಿಷನ್ ಎಂಪವರ್’ ಸಂಸ್ಥೆಯನ್ನು ಜೊತೆಗೂಡಿ ಕಟ್ಟಿದ್ದಾರೆ. ಕಣ್ಣಿಲ್ಲದವರಿಗೆ ಗಣಿತ ಬಾರದೆನ್ನುವವರಿಗೆ ಬೇರೆ ಉತ್ತರ ಬೇಕೆ?

“ಇವೆಲ್ಲ ದೊಡ್ಡ ಊರಿನ ಮಾತು, ನಮ್ಮ ತಳಿ, ಅಂಚೆಟ್ಟಿಯ ಹಳ್ಳಿಗಳಲ್ಲಿ ಎಲ್ಲಿಂದ ತರುವುದು?” ಎಂದು ಪೋಷಕರು ಕೇಳಬಹುದು. ಮನೆಯಲ್ಲಿಯೇ ಹುಡುಕೋಣ. ಅಟ್ಟದ ಮೇಲಿನ ಅಳಗುಳಿಮಣೆಯನ್ನು ಇಳಿಸಿರಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದರಂತೆ ಹುಣಿಸೆ ಬೀಜ ಹಾಕಿದರೆ ಹದಿನಾಲ್ಕು ಐದಲೆ ಎಪ್ಪತ್ತು. ಮಗ್ಗಿ ಬಾಯಿಪಾಠವಾಗದ ಮಗುವೂ ಅದನ್ನು ಮುಟ್ಟಿ ತಿಳಿಯುತ್ತದೆ. ಕೈ ನಡುಗುವ ಮಗುವಿಗೆ ಬೀಜದ ಬದಲು ದೊಡ್ಡ ಬಾಟಲಿ ಮುಚ್ಚಳಗಳನ್ನು ಕೊಡಿರಿ. ಮಂದದೃಷ್ಟಿಯ ಮಗುವಿಗೆ ಕಪ್ಪು ಬಟ್ಟೆಯ ಮೇಲೆ ಬಿಳಿ ಅವರೆಕಾಳು ಹರಡಿರಿ. ಎಳೆಯ ಮಗುವಾದರೆ ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ಹತ್ತಿರವೇ ಕುಳಿತಿರಿ.

ಇನ್ನು ಕಡ್ಡಿಯ ಕಟ್ಟು. ಹೊಸೂರಿನ ತೋಟಗಳಲ್ಲಿ ಗುಲಾಬಿಯನ್ನು ಇಪ್ಪತ್ತರ ಕಟ್ಟಾಗಿ ಕಟ್ಟುವುದನ್ನು ಕಂಡಿದ್ದೇವೆ. ಹಾಗೆಯೇ ಪೊರಕೆ ಕಡ್ಡಿಗಳನ್ನು ಹತ್ತರಂತೆ ಕಟ್ಟಿರಿ. 42ರಲ್ಲಿ 17 ಕಳೆಯಬೇಕು. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಎರಡರಲ್ಲಿ ಏಳು ಹೋಗದು. ಒಂದು ಕಟ್ಟು ಬಿಚ್ಚಿದರೆ ಹನ್ನೆರಡು ಬಿಡಿ. ಏಳು ತೆಗೆದರೆ ಐದು; ಕಟ್ಟಿನಲ್ಲಿ ಒಂದು ತೆಗೆದರೆ ಎರಡು. ಉತ್ತರ 25. ಹಲಗೆಯ ಮೇಲೆ ‘ಸಾಲ ತಂದೆ’ ಎನ್ನುವ ಒಗಟು ಇಲ್ಲಿ ಕಣ್ಣಿಗೆ ಕಾಣುವ ಕೆಲಸವಾಯಿತು. ನಮ್ಮ ಸೀಮೆಯ ಮಗು ಮನೆಯಲ್ಲಿ ಕನ್ನಡ ಅಥವಾ ತೆಲುಗು, ಪೇಟೆಯಲ್ಲಿ ತಮಿಳು ಕೇಳುತ್ತದೆ. ಎಣಿಕೆಯ ಹೆಸರು ಬದಲಾದರೂ ಕಟ್ಟು ಬದಲಾಗುವುದಿಲ್ಲ.

ಹಣವೂ ಒಳ್ಳೆಯ ಪಾಠೋಪಕರಣ. ಈಗಿನ ಹತ್ತು ರೂಪಾಯಿ ನೋಟಿನ ಉದ್ದ 123 ಮಿಲಿಮೀಟರ್, ಐನೂರರದು 150. 2019ರಲ್ಲಿ ಪ್ರಕಟವಾದ ಇಪ್ಪತ್ತು ರೂಪಾಯಿ ನಾಣ್ಯಕ್ಕೆ 12 ಅಂಚುಗಳು. ದೃಷ್ಟಿಯಿಲ್ಲದವರೂ ಗುರುತಿಸಲೆಂದೇ ಇಂತಹ ವ್ಯತ್ಯಾಸಗಳಿವೆ. ಮಗುವನ್ನು ಸಂತೆಗೆ ಕರೆದೊಯ್ದು ಚಿಲ್ಲರೆಯನ್ನು ಅದರ ಕೈಗೇ ಕೊಡಿಸಿರಿ.

“ಕಡ್ಡಿ ಹಿಡಿದವನು ಕೊನೆಯವರೆಗೂ ಕಡ್ಡಿಯನ್ನೇ ಹಿಡಿಯುವನಲ್ಲವೇ?” ಎಂಬ ಅಂಜಿಕೆ ಕೆಲವರಿಗುಂಟು. ಮೊದಲು ವಸ್ತು, ಆಮೇಲೆ ಅದರ ಚಿತ್ರ, ಕೊನೆಗೆ ಅಂಕಿ. ಈ ಮೂರು ಮೆಟ್ಟಿಲನ್ನು ಅವಸರವಿಲ್ಲದೆ ಹತ್ತಿಸಿದರೆ ಅನೇಕ ಮಕ್ಕಳು ತಾವಾಗಿಯೇ ಕಡ್ಡಿಯನ್ನು ಕೆಳಗಿಡುತ್ತಾರೆ. ಇಡದಿದ್ದರೂ ನಷ್ಟವಿಲ್ಲ. ಕನ್ನಡಕ ಹಾಕಿಕೊಂಡು ಓದುವವನನ್ನು ದಡ್ಡನೆನ್ನುತ್ತೇವೆಯೇ?

ಇದು ದಾನದ ಮಾತೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಕಲಿಕೆಯ ತೊಡಕೂ ಅದರಲ್ಲಿ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯೆಂದು ಪ್ರಮಾಣಪತ್ರ ಪಡೆದ ಮಗುವಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು ಅದು ವಿಧಿಸುತ್ತದೆ. ಪೋಷಕರು ಸಂಕೋಚವಿಲ್ಲದೆ ಪ್ರಮಾಣಪತ್ರ ಮಾಡಿಸಿ, ಕೇಳಿ ಪಡೆಯಬೇಕು.

ಆದರೆ ಬಂದ ಸಾಧನ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತರೆ ಫಲವಿಲ್ಲ. ಒಂದು ಮಗುವಿಗೆ ಮಾತ್ರ ಕೊಟ್ಟು ಮೂಲೆಯಲ್ಲಿ ಕೂರಿಸಿದರೂ ಫಲವಿಲ್ಲ. ಆಗ ಸಾಧನವೇ ಅವಮಾನದ ಗುರುತಾಗುತ್ತದೆ. ಇಡೀ ತರಗತಿ ಮಣಿ ಎಣಿಸಲಿ, ಕಟ್ಟು ಬಿಚ್ಚಲಿ. ವಿದ್ಯಾರ್ಥಿ ಮಿತ್ರರೇ, ಈ ಬೇಸಿಗೆ ರಜೆಯಲ್ಲಿ ಒಬ್ಬೊಬ್ಬರೂ ಹತ್ತು ಕಟ್ಟು ಕಡ್ಡಿ, ನೂರು ಹುಣಿಸೆ ಬೀಜ ಸಿದ್ಧಮಾಡಿ ತನ್ನಿ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯ ನಿಮ್ಮೊಡನೆಯೇ ಎಣಿಸಲಿ.