ಕ್ರಿಸ್ತ ಜಯಂತಿಯೂ ನಮ್ಮ ಮನೆಗಳೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ವಿಷಯವನ್ನು ಹುಡುಕುವದಕ್ಕೆ ನಾನು ಬಹಳ ಹೊತ್ತು ಕಳೆಯಬೇಕಾಗಲಿಲ್ಲ. ಹಳೆಯ ವಿದ್ಯಾರ್ಥಿನಿಯರಾದ ನಾವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಎಲ್ಲಿಯೇ ಭೆಟ್ಟಿಯಾದರೂ, ಡಿಸೆಂಬರ ತಿಂಗಳು ಬಂದಿತೆಂದರೆ ಮಾತು ಒಂದೇ ಕಡೆಗೆ ತಿರುಗುವದು: “ಹಬ್ಬ ಸಮೀಪಿಸಿತು, ಈ ಸಲ ಹೇಗೆ ನಿಭಾಯಿಸುವದು?” ಹಬ್ಬ ಬಂದಿತೆಂಬ ಹರ್ಷಕ್ಕಿಂತ ಅದನ್ನು ನಿಭಾಯಿಸುವ ಚಿಂತೆಯೇ ಮೊದಲು ಬಾಯಿಗೆ ಬರುವದಾದರೆ, ಎಲ್ಲಿಯೋ ಒಂದು ತಪ್ಪು ಸೇರಿಕೊಂಡಿದೆ ಎಂದು ತಿಳಿಯಬೇಕಲ್ಲವೇ? ಆ ತಪ್ಪು ಯಾವದು, ಅದನ್ನು ತಿದ್ದುವ ಬಗೆ ಯಾವದು ಎಂಬದನ್ನು ನನ್ನ ಅಲ್ಪ ಅನುಭವದ ಮೇಲಿಂದ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಸೀಮೆಯ ಕಾಲಮಾನವನ್ನು ನೋಡಿರಿ. ಮುಂಗಾರಿಗೆ ಬಿತ್ತಿದ ತೊಗರಿಯು ಡಿಸೆಂಬರ ಕೊನೆಗೆ ಕೆಲವು ಹೊಲಗಳಲ್ಲಿ ಇನ್ನೂ ನಿಂತಿರುವದು, ಕೆಲವು ಕಡೆ ಆಗತಾನೆ ರಾಶಿಯಾಗುತ್ತಿರುವದು. ಹಿಂಗಾರಿ ಜೋಳವಂತೂ ಹಸಿರಾಗಿಯೇ ಇರುವದು. ಅಂದರೆ ಬೆಳೆ ಕಣ್ಣಿಗೆ ಕಂಡು, ಹಣ ಮಾತ್ರ ಕೈಗೆ ಬಾರದಿರುವ ಹೊತ್ತಿಗೆ ಸರಿಯಾಗಿ ನಮ್ಮ ಹಬ್ಬ ಬರುವದು. ಶಹಾಬಾದದ ಫರಸಿ ಖಣಿಗಳಲ್ಲಿ ದುಡಿಯುವವರದು ದಿನಗೂಲಿ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟು ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಕೈಯಲ್ಲಿಯೂ ತಿಂಗಳ ಕೊನೆಯ ವಾರದಲ್ಲಿ ಏನು ಉಳಿದಿರುವದು? ಚಿಂಚೋಳಿಯ ಕಡೆಯಿಂದ ಹೈದರಾಬಾದಕ್ಕೂ ಪುಣೆ ಮುಂಬಯಿಗಳಿಗೂ ಗುಳೆ ಹೋದವರು ಹಬ್ಬಕ್ಕೆಂದು ಊರಿಗೆ ಮರಳುವಾಗ, ಗಳಿಸಿದ್ದರಲ್ಲಿ ಒಂದು ಪಾಲು ದಾರಿಯ ಖರ್ಚಿಗೇ ಹೋಗಿರುವದು.

ಇಷ್ಟಾದರೂ ಹೊಸ ಬಟ್ಟೆ ಬೇಕು, ಪೇಟೆಯ ಕೇಕು ಬೇಕು, ಮನೆಯ ಮುಂದೆ ಬಣ್ಣಬಣ್ಣದ ವಿದ್ಯುದ್ದೀಪಗಳ ಸರ ಬೇಕು. ನೆರೆಮನೆಯವರು ಎರಡು ನಕ್ಷತ್ರ ಕಟ್ಟಿದರೆ ನಮ್ಮ ಮನೆಗೆ ಮೂರು ಬೇಕು. ಇದಕ್ಕೆಲ್ಲ ಹಣವೆಲ್ಲಿಂದ? ವಾರದ ಕಂತಿನ ಸಾಲದಿಂದ. ಆ ಸಾಲವು ಬಹುಮಟ್ಟಿಗೆ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಇರುವದು. ಕಂತು ತಪ್ಪಿದರೆ ಬಾಗಿಲಲ್ಲಿ ನಿಂತು ಮಾತು ಕೇಳುವವಳೂ ಅವಳೇ. ಇಂಥ ಸಾಲಗಳ ವಸೂಲಿಯ ಕಿರುಕುಳವು ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯುವದಕ್ಕಾಗಿ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆಜ್ಞೆಯು ಸಾಲಗಾರಳ ಮಾನವನ್ನು ಕಾಯಬಹುದು. ಬೇಡದ ಸಾಲವನ್ನು ಮಾಡದಂತೆ ಅವಳ ಕೈಯನ್ನು ಹಿಡಿಯಲಾರದು. ಎಷ್ಟೋ ಮನೆಗಳಲ್ಲಿ ಕ್ರಿಸ್ತ ಜಯಂತಿಯ ಸಾಲವು ಪುನರುತ್ಥಾನದ ಹಬ್ಬ ಬಂದರೂ ತೀರುವದಿಲ್ಲ.

ಹಣದ ಮಾತು ಹೀಗಾಯಿತು. ಆದರೆ ಇದಕ್ಕಿಂತ ದೊಡ್ಡ ವೆಚ್ಚವೊಂದುಂಟು. ಅದು ಯಾರ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲ್ಪಡುವದಿಲ್ಲ. ಅದನ್ನು ತಿಳಿಸುವದಕ್ಕೆ ನಮ್ಮ ಮನೆಯ ಎರಡು ಹಬ್ಬಗಳ ಸಂಗತಿಯನ್ನು ಹೇಳಬೇಕಾಗಿದೆ, ಓದುವವರು ಕ್ಷಮಿಸಬೇಕು.

ನನ್ನ ತಂದೆಯವರು ಫರಸಿಯ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದಲ್ಲಿದ್ದರು. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಹಬ್ಬಕ್ಕೆ ಒಂದು ತಿಂಗಳಿರುವಂತೆ, ಅವರ ಪಾದದ ಮೇಲೆ ಚಪ್ಪಡಿ ಬಿದ್ದು ಕೂಲಿ ನಿಂತಿತು. ಆ ವರ್ಷ ಹೊಸ ಬಟ್ಟೆಯ ಮಾತನ್ನು ನಾವು ಮಕ್ಕಳು ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ಇದ್ದ ಬಟ್ಟೆಗಳನ್ನೇ ಒಗೆದು, ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿ ಇಟ್ಟಳು. ಇಪ್ಪತ್ತನಾಲ್ಕನೆಯ ತಾರೀಖಿನ ರಾತ್ರಿ ಶೇಂಗಾ ಹೋಳಿಗೆ ಉಂಡು, ಕಂದೀಲಿನ ಸುತ್ತ ಕುಳಿತಾಗ ಅವಳು ಹೀಗೆಂದಳು: “ನಾಳಿ ಕರ್ತನು ಹುಟ್ಟಿದ ದಿನ. ಆತ ಹುಟ್ಟಿದ ಕಥಿ ಗುಡ್ಯಾಗ ಪಾದ್ರಿಗಳು ಹೇಳತಾರ. ನೀವು ಹುಟ್ಟಿದ ಕಥಿ ನಾ ಹೇಳತೀನಿ, ಕೇಳ್ರಿ.”

ಹಾಗೆ ಒಬ್ಬೊಬ್ಬರ ಕಥೆಯನ್ನೂ ಹೇಳಿದಳು. ನಾನು ಹುಟ್ಟಿದ ರಾತ್ರಿ ಕಾಗಿಣಾ ನದಿಯು ತುಂಬಿ ಹರಿಯುತ್ತಿತ್ತಂತೆ. ಸೂಲಗಿತ್ತಿಯು ಆಚೆಯ ದಂಡೆಯಲ್ಲಿ ಉಳಿದಳಂತೆ. ನೆರೆಮನೆಯ ಮುಸಲ್ಮಾನ ಅಜ್ಜಿಯೊಬ್ಬಳು ಬಂದು ನನ್ನನ್ನು ಮೊದಲು ಕೈಗೆ ತೆಗೆದುಕೊಂಡಳಂತೆ. ಎರಡೇ ತಿಂಗಳು ಬದುಕಿ ತೀರಿಕೊಂಡ ತಂಗಿಯೊಬ್ಬಳಿದ್ದಳು. ಅವಳ ಕಥೆಯನ್ನೂ ಅವ್ವ ಬಿಡಲಿಲ್ಲ. ಅದನ್ನು ಹೇಳುವಾಗ ತಂದೆಯವರು ತಲೆಯ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷದಿಂದ ಕೂಲಿ ಬಂದಿತು, ಹೊಸ ಬಟ್ಟೆಯೂ ಬಂದಿತು. ಆದರೆ ಆ ರಾತ್ರಿಯ ಕಥೆಗಳು ನಿಲ್ಲಲಿಲ್ಲ. ನಮ್ಮ ಮನೆಯ ಹಬ್ಬವೆಂದರೆ ಅದೇ ಆಯಿತು.

ಮುಂದೆ ದೇವರ ದಯದಿಂದ ನಾನು ಓದಿದೆನು, ತಿಂಗಳ ಸಂಬಳ ಕಂಡೆನು, ವಾಡಿಯಲ್ಲಿ ನನ್ನದೇ ಮನೆಯಾಯಿತು. ಅವ್ವನ ಪದ್ಧತಿಯನ್ನು ನನ್ನ ಮಗಳಿಗೂ ನಡಿಸಿಕೊಂಡು ಬಂದೆನು. ಒಂದು ವರ್ಷ ಮಾತ್ರ, ಬಂಧುಗಳ ಮುಂದೆ ಕಡಿಮೆಯಾಗಬಾರದೆಂಬ ಹಟದಿಂದ, 20,000 ರೂಪಾಯಿ ಸಾಲ ತಂದು ಹಬ್ಬ ಮಾಡಿದೆನು. ಐದು ಬಗೆಯ ತಿಂಡಿ, ಅರವತ್ತು ಜನರ ಊಟ. ಮೂರು ದಿನ ಒಲೆಯ ಮುಂದಿನಿಂದ ನಾನು ಏಳಲಿಲ್ಲ. ಇಪ್ಪತ್ತನಾಲ್ಕನೆಯ ರಾತ್ರಿ ಒಂಬತ್ತು ವರ್ಷದ ಮಗಳು ಅಡಿಗೆಮನೆಯ ಬಾಗಿಲಿಗೆ ಬಂದು, “ಅವ್ವಾ, ನಾ ಹುಟ್ಟಿದ ಕಥಿ ಈ ಸಲ ಹೇಳಲೇ ಇಲ್ಲ; ಆಯಿನೂ ಕಾಯಾಕತ್ಯಾಳ” ಎಂದಳು. “ನಾಳಿ ಹೇಳತೀನಿ, ಹೋಗಿ ಮಲಕೋ” ಎಂದು ಕಳುಹಿಸಿದೆನು. ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕಾಯುತ್ತ ಕುಳಿತಿದ್ದವಳು ನನ್ನ ಅವ್ವ. ನಾಳೆಯೂ ಪುರುಸೊತ್ತಾಗಲಿಲ್ಲ. ಫೆಬ್ರುವರಿಯಲ್ಲಿ ಅವ್ವ ಕರ್ತನ ಬಳಿಗೆ ಹೋದಳು. ನಮ್ಮ ಅಣ್ಣನು ಹುಟ್ಟಿದ ಕಥೆಯಲ್ಲಿ ಅವಳೊಬ್ಬಳೇ ಬಲ್ಲ ಎಷ್ಟೋ ಸಂಗತಿಗಳಿದ್ದವು. ಈಗ ಅವನ್ನು ಕೇಳೋಣವೆಂದರೆ ಯಾರೂ ಇಲ್ಲ. ಸಾಲವನ್ನು ಹದಿನಾಲ್ಕು ತಿಂಗಳಿಗೆ ತೀರಿಸಿದೆನು. ಆ ಒಂದು ರಾತ್ರಿಯನ್ನು ತೀರಿಸುವದು ಹೇಗೆ?

ಸೋದರಿಯರೇ, ನಾನು ಹೇಳಿದ ಲೆಕ್ಕಕ್ಕೆ ಸೇರದ ವೆಚ್ಚವೆಂದರೆ ಇದೇ. ಹಬ್ಬವನ್ನು ದೊಡ್ಡದು ಮಾಡುವ ಭರದಲ್ಲಿ ತಾಯಿಯೇ ಹಬ್ಬದಿಂದ ಹೊರಗಾಗುತ್ತಾಳೆ. ಎಲ್ಲರೂ ಉಂಡು, ಹಾಡಿ, ನಕ್ಕು ಮಲಗಿದ ಮೇಲೆ ಪಾತ್ರೆ ತೊಳೆಯುತ್ತ ನಿಂತವಳಿಗೆ ಕ್ರಿಸ್ತ ಜಯಂತಿಯು ಬಂದಿತೋ ಹೋಯಿತೋ ತಿಳಿಯುವದಿಲ್ಲ.

ಸತ್ಯವೇದವು ಇದರ ವಿಷಯವಾಗಿ ಏನು ತೋರಿಸುತ್ತದೆ? ಗೋದಲಿಯ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಲೂಕನ ಸುವಾರ್ತೆಯ ಅದೇ ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯುಂಟು. ಅದನ್ನು ನಾವು ಅಷ್ಟಾಗಿ ಲಕ್ಷಿಸುವದಿಲ್ಲ. ಮರಿಯಳೂ ಯೋಸೇಫನೂ ಕೂಸನ್ನು ದೇವಾಲಯಕ್ಕೆ ತಂದಾಗ ಜೋಡಿ ಹಕ್ಕಿಗಳ ಕಾಣಿಕೆಯ ಪ್ರಸ್ತಾಪ ಬರುತ್ತದೆ. ಯಾಜಕಕಾಂಡದ 12ನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಹೆತ್ತ ತಾಯಿಯು ಕುರಿಮರಿಯನ್ನು ತರಬೇಕೆಂದೂ, ಅದಕ್ಕೆ ಗತಿಯಿಲ್ಲದವಳು ಹಕ್ಕಿಗಳನ್ನು ತಂದರೆ ಸಾಕೆಂದೂ ವಿಧಿಸಿದೆ. ಅಂದರೆ ಅವರು ಒಪ್ಪಿಸಿದ್ದು ಬಡವರ ಕಾಣಿಕೆ. ಜನರೇನೆಂದಾರೆಂದು ಅವರು ಸಾಲ ಮಾಡಿ ಕುರಿಮರಿಯನ್ನು ತರಲಿಲ್ಲ. ನಮ್ಮ ಹಬ್ಬದ ಮೂಲದಲ್ಲಿಯೇ ಈ ಪಾಠವಿರುವಾಗ ನಾವು ನಾಚಿಕೊಳ್ಳುವದೇಕೆ?

ಇಂದು ಪೇಟೆಯಲ್ಲಿ ಮಾರಾಟಕ್ಕಿರುವ ಅಲಂಕಾರಗಳು ಕೂಡ ಮೊದಲು ಪೇಟೆಯಲ್ಲಿ ಹುಟ್ಟಿದವಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಗೋದಲಿಯ ದೃಶ್ಯವನ್ನು ಜನರಿಗೆ ತೋರಿಸಿದಾಗ ಬಳಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅನೇಕ ಮೂಲೆಗಳುಳ್ಳ ಕಾಗದದ ನಕ್ಷತ್ರವು 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಮೊರೇವಿಯನ್ ಸಭೆಯವರ ಶಾಲೆಯಲ್ಲಿ, ರೇಖಾಗಣಿತದ ಪಾಠಕ್ಕಾಗಿ ಮಕ್ಕಳ ಕೈಯಿಂದ ಹುಟ್ಟಿತು. ನಮ್ಮ ನಾಡಿನಲ್ಲಿ ಕಿಟ್ಟೆಲ್ ಪಾದ್ರಿಗಳು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದಾಗ, ಕ್ರಿಸ್ತನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಯಲ್ಲಿಯೇ ಹೇಳಿದರು. ಇದ್ದ ಊರಿನಲ್ಲಿ ಇದ್ದ ವಸ್ತುಗಳಿಂದ ಇದ್ದ ಭಾಷೆಯಲ್ಲಿ ಹಬ್ಬ ಮಾಡುವದೇ ಹಳೆಯ ಕ್ರಮವು. ಕೊಂಡು ತರುವದು ಆಮೇಲೆ ಬಂದದ್ದು.

ಇಲ್ಲಿ ಒಂದು ಆಕ್ಷೇಪಣೆ ಬರುವದುಂಟು. “ವರ್ಷಕ್ಕೊಮ್ಮೆ ಬರುವ ಹಬ್ಬ, ಬಡವರ ಮಕ್ಕಳು ಆ ಒಂದು ದಿನವಾದರೂ ಚೆನ್ನಾಗಿ ಉಟ್ಟು ಉಣ್ಣಬಾರದೇ?” ಈ ಮಾತನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಒಳ್ಳೆಯ ಬಟ್ಟೆಯುಟ್ಟು ಊರ ಬೀದಿಯಲ್ಲಿ ತಲೆಯೆತ್ತಿ ನಡೆಯುವದೇ ಒಂದು ಸಾಹಸವಾಗಿದ್ದ ಮನೆತನಗಳಿಂದ ನಮ್ಮಲ್ಲಿ ಅನೇಕರು ಬಂದಿದ್ದೇವೆ. ಅಂಥವರಿಗೆ ಹೊಸ ಬಟ್ಟೆಯು ಡಂಭವಲ್ಲ, ಮಾನದ ಗುರುತು. ಆದುದರಿಂದ ಬಟ್ಟೆ ಬೇಡ, ಸಿಹಿ ಬೇಡ, ದೀಪ ಬೇಡವೆಂದು ಹೇಳುವವಳು ನಾನಲ್ಲ. ಆದರೆ ಮಾನಕ್ಕಾಗಿ ತಂದ ಸಾಲವು ಮಾರ್ಚ ತಿಂಗಳಲ್ಲಿ ಬಾಗಿಲಿಗೆ ಬಂದು ಅದೇ ಮಾನವನ್ನು ಕಳೆಯುವದಾದರೆ ಲಾಭವೇನು? ಕೈಯಲ್ಲಿದ್ದುದರಿಂದ ಕೊಂಡದ್ದು ಹಬ್ಬ. ಅದಕ್ಕೆ ಮೀರಿದ್ದು ಪ್ರದರ್ಶನ.

ಇನ್ನು ಮಾಡತಕ್ಕದ್ದೇನೆಂಬದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಆಗಮನ ಕಾಲದ ಮೊದಲನೆಯ ಭಾನುವಾರ ಮನೆಯವರೆಲ್ಲರೂ ಕೂಡಿ ಕುಳಿತು, ಹಬ್ಬಕ್ಕೆ ಇಷ್ಟೇ ಎಂದು ಮೊತ್ತವನ್ನು ಗೊತ್ತುಮಾಡಬೇಕು. ನಮ್ಮ ಸೀಮೆಯಲ್ಲಿ ಮೆಥಡಿಸ್ಟ ಸಭೆಗೆ ಸೇರಿದ ಮನೆಗಳು ಅನೇಕ. ಆ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು (1703–1791) ಆಕ್ಸ್‌ಫರ್ಡಿನ ಮೊದಲ ಮೆಥಡಿಸ್ಟರಲ್ಲಿ ಒಬ್ಬನ ಸಂಗತಿಯನ್ನು ಹೇಳಿದ್ದಾನೆ. ಆ ಒಬ್ಬನು ವೆಸ್ಲಿಯೇ ಎಂದು ತಿಳಿದವರು ಹೇಳುತ್ತಾರೆ. ವರ್ಷಕ್ಕೆ 30 ಪೌಂಡು ಬಂದಾಗ 28ರಲ್ಲಿ ಜೀವಿಸಿ 2ನ್ನು ದಾನ ಮಾಡಿದನು. ಮರುವರ್ಷ 60 ಬಂದಾಗಲೂ 28ರಲ್ಲಿಯೇ ಜೀವಿಸಿದನು. 90 ಬಂದಾಗಲೂ ಹಾಗೆಯೇ, 120 ಬಂದಾಗಲೂ ಹಾಗೆಯೇ. ಆದಾಯ ಏರಿತು, ದಾನ ಏರಿತು, ವೆಚ್ಚ ಏರಲಿಲ್ಲ. ಅಷ್ಟು ಕಠಿಣ ವ್ರತ ನಮ್ಮಿಂದಾಗದು. ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ಖರ್ಚಾಗಲೇಬೇಕೆಂಬ ನಿಯಮವೇನೂ ಇಲ್ಲವೆಂಬಷ್ಟನ್ನು ಕಲಿತರೆ ಸಾಕು.

ಎರಡನೆಯದಾಗಿ, ಕೆಲಸವನ್ನು ಹಂಚಿಕೊಳ್ಳಬೇಕು. ಐದು ತಿಂಡಿಗಳನ್ನು ಒಬ್ಬಳೇ ಮಾಡುವದಕ್ಕಿಂತ ಒಂದೇ ಕರ್ಚಿಕಾಯಿಯನ್ನು ಐವರು ಕೂಡಿ ಮಾಡುವದು ಲೇಸು. ಗಂಡುಮಕ್ಕಳು ಕಣಕ ಲಟ್ಟಿಸಿದರೆ ಅವರ ಗೌರವಕ್ಕೇನೂ ಕುಂದಿಲ್ಲ. ಊಟವಾದ ಮೇಲೆ ತಾಯಿಯು ಕುಳಿತಿರಲಿ, ಪಾತ್ರೆಗಳನ್ನು ಉಳಿದವರು ತೊಳೆಯಲಿ.

ಮೂರನೆಯದಾಗಿ, ಅಲಂಕಾರವು ಮಕ್ಕಳ ಕೈಯದಾಗಿರಲಿ. ಬಿದಿರ ಕಡ್ಡಿಗೆ ಬಣ್ಣದ ಕಾಗದವನ್ನು ಅಂಟಿಸಿದ ನಕ್ಷತ್ರವು ಸ್ವಲ್ಪ ಸೊಟ್ಟಗಾದರೆ ಆಗಲಿ. ಫರಸಿಯ ಮುರುಕು ಚೂರುಗಳೂ ಜೋಳದ ಕಣಿಕೆಯೂ ನಮ್ಮಲ್ಲಿ ಯಾರ ಮನೆಯ ಹಿತ್ತಲಲ್ಲಿ ಇಲ್ಲ? ಅವುಗಳಿಂದ ಕಟ್ಟಿದ ಗೋದಲಿಗಿಂತ ನಮ್ಮ ನೆಲಕ್ಕೆ ಒಪ್ಪುವ ಗೋದಲಿ ಇನ್ನೊಂದಿಲ್ಲ.

ನಾಲ್ಕನೆಯದಾಗಿ, ಅರವತ್ತು ಜನರನ್ನು ಕರೆಯಲಾಗದಿದ್ದರೂ, ಯಾರೂ ಕರೆಯದ ಒಬ್ಬರನ್ನು ಕರೆಯಬೇಕು. ವಾಡಿಯಿಂದ ಸಿಕಂದರಾಬಾದಕ್ಕೆ 1874ರಲ್ಲಿ ರೈಲು ಓಡಲಾರಂಭಿಸಿದಂದಿನಿಂದ ಆ ನಿಲ್ದಾಣಕ್ಕೆ ಹಬ್ಬದ ರಜೆಯೆಂಬದಿಲ್ಲ. ಅಂದು ಪಾಳಿಯ ಮೇಲಿರುವವರು, ಮಕ್ಕಳು ಗುಳೆ ಹೋಗಿ ಮರಳದ ಮುದುಕರು, ಆ ವರ್ಷ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಇವರಲ್ಲಿ ಒಬ್ಬರಾದರೂ ನಮ್ಮ ಪಂಕ್ತಿಯಲ್ಲಿರಲಿ. ಈ ವಿಷಯದಲ್ಲಿ ನಮ್ಮ ನೆರೆಹೊರೆಯ ಒಕ್ಕಲು ಮನೆಗಳವರಿಂದ ಕಲಿಯತಕ್ಕದ್ದುಂಟು. ಇದೇ ಚಳಿಗಾಲದಲ್ಲಿ ಬರುವ ಎಳ್ಳಮಾವಾಸ್ಯೆಯ ದಿನ ಅವರು ಸಜ್ಜೆಯ ರೊಟ್ಟಿ, ಬಜ್ಜಿಪಲ್ಯ, ಶೇಂಗಾ ಹಿಂಡಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗಿ, ನೆಂಟರನ್ನೂ ಸ್ನೇಹಿತರನ್ನೂ ಜಾತಿಮತಗಳನ್ನೆಣಿಸದೆ ಕೂಡಿಸಿಕೊಂಡು ಉಣ್ಣುತ್ತಾರೆ. ಹೊಲವು ಕೊಟ್ಟದ್ದೇ ಊಟ, ಮರದ ನೆರಳೇ ಚಪ್ಪರ. ಅಂಥ ಊಟಕ್ಕೆ ಕರೆ ಬಂದಾಗ ನಾವು ಎಷ್ಟು ಹಿಗ್ಗಿನಿಂದ ಹೋಗುತ್ತೇವೆಂಬದನ್ನು ನೆನೆದರೆ, ಅತಿಥಿಗೆ ಬೇಕಾದದ್ದು ವೈಭವವಲ್ಲ, ಕೂಡಿ ಕೂಡ್ರುವ ಜಾಗವೆಂಬದು ತಿಳಿಯುವದು.

ಕೊನೆಯದಾಗಿ, ಜಯಂತಿಯ ಮುನ್ನಾರಾತ್ರಿ ಒಂದು ತಾಸನ್ನು ಮನೆಯವರಿಗಾಗಿ ಎತ್ತಿಡಬೇಕು. ದೂರದರ್ಶನವನ್ನೂ ಕೈಯಲ್ಲಿನ ಮೊಬೈಲನ್ನೂ ಬದಿಗಿಡಿರಿ. ಲೂಕನ ಸುವಾರ್ತೆಯನ್ನು ಚಿಕ್ಕ ಮಗುವಿನಿಂದ ಓದಿಸಿರಿ. ಆಮೇಲೆ ಪ್ರತಿಯೊಂದು ಮಗುವಿಗೂ ಅದು ಹುಟ್ಟಿದ ಕಥೆಯನ್ನು ಹೇಳಿರಿ: ಅಂದು ಮಳೆಯಿತ್ತೇ ಬಿಸಿಲಿತ್ತೇ, ಮೊದಲು ಎತ್ತಿಕೊಂಡವರು ಯಾರು, ಹೆಸರನ್ನು ಇಟ್ಟವರು ಯಾರು. ಮನೆಯಲ್ಲಿ ಅಜ್ಜಿಯಿದ್ದರೆ ಮೊದಲ ಮಾತು ಅವಳದಾಗಲಿ. ದೇವರು ಕೂಸಾಗಿ ಬಂದನೆಂದು ನಂಬುವ ನಾವು, ನಮ್ಮ ಮನೆಯ ಪ್ರತಿಯೊಂದು ಕೂಸಿನ ಬರವೂ ಒಂದು ಶುಭವಾರ್ತೆಯೆಂದು ಅದಕ್ಕೆ ತಿಳಿಸಬೇಡವೇ? ಹೆಣ್ಣುಕೂಸಿಗಂತೂ ಇದನ್ನು ಅವಶ್ಯವಾಗಿ ತಿಳಿಸಬೇಕು; ಯಾಕಂದರೆ ಅವಳು ಹುಟ್ಟಿದಾಗ ಮುಖ ಬಾಡಿಸಿಕೊಂಡವರ ಮಾತುಗಳು ಹೇಗೂ ಅವಳ ಕಿವಿಗೆ ಬೀಳುವವು.

ಈಗ ನಮ್ಮ ಮನೆಯಲ್ಲಿ ಮಗಳೇ ಎಲ್ಲರನ್ನೂ ಕೂಡ್ರಿಸುತ್ತಾಳೆ. ಆಯಿಯ ಕಥೆಗಳಲ್ಲಿ ಉಳಿದಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದಾಳೆ. ಅದರಲ್ಲಿ ಕೆಲವು ಪುಟಗಳು ಖಾಲಿಯಾಗಿವೆ. ಅವನ್ನು ನೋಡಿದಾಗಲೆಲ್ಲ ನನ್ನ ಎದೆಯು ಚುರ್ರೆನ್ನುವದು. ಈ ಸಂಚಿಕೆಯನ್ನು ಓದುವ ತಾಯಂದಿರೇ, ತಂಗಿಯರೇ, ನಿಮ್ಮ ಮನೆಯ ವಹಿಯಲ್ಲಿ ಅಂಥ ಖಾಲಿ ಪುಟಗಳು ಉಳಿಯದಿರಲಿ. ಬರುವ ಕ್ರಿಸ್ತ ಜಯಂತಿಯು ನಿಮ್ಮೆಲ್ಲರ ಮನೆಗಳಿಗೆ ಸಾಲವಿಲ್ಲದ ನಿದ್ದೆಯನ್ನೂ, ದಣಿವಿಲ್ಲದ ನಗೆಯನ್ನೂ, ಕರ್ತನ ಸಮಾಧಾನವನ್ನೂ ತರಲೆಂದು ಪ್ರಾರ್ಥಿಸುತ್ತೇನೆ.

— ಶಾಲೆಯ ಹಳೆಯ ವಿದ್ಯಾರ್ಥಿನಿ, ವಾಡಿ