ಸೇವೆಯೂ ಸಂಬಳವೂ

ಚೆನ್ನೈ ನಗರದ ಉಪಾಹಾರ ಗೃಹಗಳಲ್ಲಿ ಗಲ್ಲಾ ಪೆಟ್ಟಿಗೆಯ ಮಗ್ಗುಲಲ್ಲಿ ಅನಾಥ ಮಕ್ಕಳ ಹೆಸರಿನಲ್ಲಿ ಇರಿಸಿದ ಕಾಣಿಕೆಯ ಡಬ್ಬಿಯನ್ನು ಕಾಣದವರು ನಮ್ಮ ಬಾಂಧವರಲ್ಲಿ ಇರಲಾರರು. ಗಿರಾಕಿಯು ಬಿಲ್ಲಿನ ಹಣ ತೆತ್ತು ಉಳಿದ ಚಿಲ್ಲರೆಯನ್ನು ಅದರಲ್ಲಿ ಹಾಕಿ ಹೋಗುತ್ತಾನೆ. ಸಪ್ಲೈಯರ್ ಕೆಲಸದವನೂ ತನಗೆ ದೊರೆತ ಟಿಪ್ಸಿನಲ್ಲಿ ಒಂದು ನಾಣ್ಯವನ್ನು ಅದಕ್ಕೆ ಸೇರಿಸುವುದುಂಟು. ಕಚೇರಿಯ ಗುಮಾಸ್ತರ ಮೇಜಿನ ಮುಂದೆ ತಿಂಗಳ ಮೊದಲ ವಾರದಲ್ಲಿ ರಸೀದಿ ಪುಸ್ತಕ ಹಿಡಿದವರು ಬಂದು ನಿಲ್ಲುತ್ತಾರೆ. ಈಚಿನ ದಿನಗಳಲ್ಲಿ ಫೋನಿನಿಂದಲೇ ಹಣ ಕಳುಹಿಸುವ ಏರ್ಪಾಟೂ ಆಗಿದೆ. ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ 2006ರಲ್ಲಿ ನಿಷೇಧ ಬರುವ ಮುನ್ನ, ಎಳೆಯ ವಯಸ್ಸಿನಲ್ಲಿಯೇ ತಾಯಿತಂದೆಯರನ್ನು ಊರಲ್ಲಿ ಬಿಟ್ಟು ಹೊಟ್ಟೆಪಾಡಿಗಾಗಿ ಈ ಪಟ್ಟಣಕ್ಕೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಪರರ ಆಶ್ರಯದಲ್ಲಿ ಬೆಳೆಯುವ ಮಗುವಿನ ಸಂಕಟವನ್ನು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹೀಗೆ ಕೊಟ್ಟವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜವಾಗಿದೆ. ತಾವು ಕೊಟ್ಟ ಹಣದಲ್ಲಿ ಮಗುವಿನ ಹಾಲಿಗೆ ಹೋಗುವುದೆಷ್ಟು, ಸಂಸ್ಥೆಯ ಮೇಲಧಿಕಾರಿಯ ಸಂಬಳಕ್ಕೆ ಹೋಗುವುದೆಷ್ಟು? ಮಕ್ಕಳ ಆಶ್ರಮಗಳನ್ನೂ ದತ್ತು ಸಂಸ್ಥೆಗಳನ್ನೂ ನಡೆಸುವವರು ದೊಡ್ಡ ಸಂಬಳ ಪಡೆಯುವುದು ನ್ಯಾಯವೆ? ಈ ಪ್ರಶ್ನೆಯನ್ನು ಕೇಳಿದವರನ್ನು ಕೃಪಣರೆಂದು ಹಳಿಯುವುದು ಸಲ್ಲದು. ಹಾಗೆಯೇ, ಪ್ರಶ್ನೆ ಎದ್ದ ಮಾತ್ರಕ್ಕೆ ಸಂಬಳ ಪಡೆಯುವವರೆಲ್ಲರೂ ಮಕ್ಕಳ ಅನ್ನಕ್ಕೆ ಕೈಹಾಕಿದವರೆಂದು ತೀರ್ಮಾನಿಸುವುದೂ ಸಲ್ಲದು.

ಸೇವೆ ಎಂದ ಮೇಲೆ ವೇತನವೇಕೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಮದರಾಸೆಂದು ಕರೆಯಲ್ಪಡುತ್ತಿದ್ದ ಕಾಲದಲ್ಲಿ ಈ ನಗರದ ಹಿರಿಯ ಸಂಸ್ಥೆಗಳು ವೇತನ ಬಯಸದವರಿಂದಲೇ ಬೆಳೆದುವು. 1923ರಲ್ಲಿ ಗಿಲ್ಡ್ ಆಫ್ ಸರ್ವಿಸ್ ಹುಟ್ಟಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1930ರ ಸುಮಾರಿಗೆ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವ್ವೈ ಹೋಮ್ ಸ್ಥಾಪಿಸಿದರು. 1949ರಲ್ಲಿ ಮಂಜುಭಾಷಿಣಿಯವರು ಕಾಮರಾಜರ ಬೆಂಬಲದಿಂದ ತ್ಯಾಗರಾಯನಗರದಲ್ಲಿ ಬಾಲಮಂದಿರವನ್ನು ಕಟ್ಟಿದರು. ಇವರಿಗೆಲ್ಲ ಈ ನಗರವು ಋಣಿಯಾಗಿದೆ.

ಆದರೆ ವೇತನವಿಲ್ಲದೆ ದುಡಿಯುವುದು ಯಾರಿಗೆ ಸಾಧ್ಯ ಎಂಬುದನ್ನೂ ನಾವು ಯೋಚಿಸಬೇಕು. ಮನೆಯಲ್ಲಿ ಅನುಕೂಲವಿದ್ದವರಿಗೆ, ಪತಿಯ ವರಮಾನವೋ ಪಿತ್ರಾರ್ಜಿತವೋ ಇದ್ದವರಿಗೆ ಅದು ಸಾಧ್ಯ. ಬಾಡಿಗೆ ಮನೆಯ ಗುಮಾಸ್ತನ ಮಗಳಿಗೆ ಅದು ಸಾಧ್ಯವಲ್ಲ. ಗಿಲ್ಡ್ ಆಫ್ ಸರ್ವಿಸ್‌ನಲ್ಲಿ ಗೌರವ ಕಾರ್ಯದರ್ಶಿಯಾಗಿ ದಶಕಗಟ್ಟಲೆ ದುಡಿದ ಮೇರಿ ಕ್ಲಬ್‌ವಾಲಾ ಜಾಧವ್ ಅವರೇ 1952ರಲ್ಲಿ ಮದರಾಸ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಎಂಬ ವಿದ್ಯಾಲಯವನ್ನು ಸ್ಥಾಪಿಸಿದುದು ಗಮನಾರ್ಹವಾಗಿದೆ. ಕನಿಕರವೊಂದೇ ಸಾಲದು, ಈ ಕೆಲಸಕ್ಕೆ ಶಿಕ್ಷಣವೂ ಬೇಕು ಎಂಬುದು ಇದರ ಅರ್ಥ. ಶಿಕ್ಷಣ ಪಡೆದು ಈ ಕೆಲಸವನ್ನೇ ವೃತ್ತಿಯಾಗಿ ಹಿಡಿದವರು ಅದರಿಂದಲೇ ಜೀವಿಸಬೇಕಷ್ಟೆ.

ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಈ ತತ್ತ್ವ ಹೊಸದಲ್ಲ. ‘ಊಟ ಹಾಕುತ್ತೇನೆ, ಮಲಗಲು ಜಾಗ ಕೊಟ್ಟಿದ್ದೇನೆ, ಮನೆಯ ಮಗನಂತೆ ನೋಡಿಕೊಳ್ಳುತ್ತೇನೆ, ಇನ್ನು ಸಂಬಳವೇಕೆ?’ ಎಂಬ ಮಾತನ್ನು ಹಿಂದಿನ ತಲೆಮಾರಿನ ಮಾಣಿಗಳು ಕೇಳಿದ್ದಾರೆ. ಯಜಮಾನರ ದಯೆ ಎಷ್ಟೇ ಇದ್ದರೂ ದುಡಿಮೆಯ ಹೊತ್ತು ಮತ್ತು ವಾರದ ರಜೆ ಕಾನೂನಿನಿಂದಲೇ ನಿಶ್ಚಯವಾಗಬೇಕಾಯಿತು. ಉಪಾಹಾರ ಗೃಹಗಳ ಕೆಲಸಗಾರರಿಗಾಗಿ ಮದರಾಸು ಸರ್ಕಾರ 1958ರಲ್ಲಿ ಪ್ರತ್ಯೇಕ ಶಾಸನವನ್ನೇ ತಂದಿತು. ವಾತ್ಸಲ್ಯದ ಮಾತು ಸಂಬಳಕ್ಕೆ ಬದಲಾಗದೆಂದು ನಮ್ಮ ವಿಷಯದಲ್ಲಿ ವಾದಿಸಿದ ನಾವು, ಅನಾಥಾಲಯದಲ್ಲಿ ದುಡಿಯುವವರ ವಿಷಯದಲ್ಲಿ ಬೇರೆ ನ್ಯಾಯವನ್ನು ಹೇಳಲಾಗದು.

ಹಾಗಾದರೆ ಮೇಲಧಿಕಾರಿ ಎಷ್ಟು ಪಡೆದರೂ ಸರಿಯೆ? ಅಲ್ಲ. ಮಕ್ಕಳ ದತ್ತಿನ ಕೆಲಸವು ಬೇರೆ ಉದ್ಯಮಗಳಂಥದಲ್ಲವೆಂದು ಲೋಕವೇ ಒಪ್ಪಿದೆ. ಅಂತರ ದೇಶೀಯ ದತ್ತಕವನ್ನು ಕುರಿತು 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವನ್ನು ಭಾರತವು 2003ರಲ್ಲಿ ಅಂಗೀಕರಿಸಿತು. ದತ್ತಕದಿಂದ ಯಾರೂ ಅನುಚಿತ ಲಾಭ ಪಡೆಯಬಾರದು, ನಿಜವಾದ ಖರ್ಚನ್ನೂ ಯುಕ್ತವಾದ ವೃತ್ತಿ ಶುಲ್ಕವನ್ನೂ ಮಾತ್ರ ತೆಗೆದುಕೊಳ್ಳಬಹುದು ಎಂದು ಅದರ 32ನೆಯ ವಿಧಿ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಇಂಥ ಸಂಸ್ಥೆಗಳ ನಿರ್ದೇಶಕರೂ ಆಡಳಿತಗಾರರೂ ನೌಕರರೂ ತಾವು ಸಲ್ಲಿಸಿದ ಸೇವೆಗೆ ಹೋಲಿಸಿದರೆ ಅತಿಯೆನಿಸುವ ಸಂಭಾವನೆ ಪಡೆಯಕೂಡದೆಂದೂ ಅದೇ ವಿಧಿ ವಿಧಿಸುತ್ತದೆ. ಸಂಬಳ ಕೂಡದೆಂದು ಅದು ಹೇಳಲಿಲ್ಲ. ಅತಿಯಾದ ಸಂಬಳ ಕೂಡದೆಂದಿತು. ನಮ್ಮ ದೇಶದ 1956ರ ಹಿಂದೂ ದತ್ತಕ ಶಾಸನವಾದರೋ ದತ್ತು ಕೊಡುವುದಕ್ಕೆ ಪ್ರತಿಫಲವಾಗಿ ಹಣ ಪಡೆಯುವುದನ್ನೂ ಕೊಡುವುದನ್ನೂ ಅಪರಾಧವೆಂದು ಅದಾಗಲೇ ಸಾರಿತ್ತು.

ಈ ಕಟ್ಟುನಿಟ್ಟು ಏಕೆ ಬೇಕಾಯಿತೆಂಬುದಕ್ಕೆ ನಿದರ್ಶನ ನಮ್ಮ ಚೆನ್ನೈಯಲ್ಲಿಯೇ ಇದೆ. ಮಲೇಷಿಯನ್ ಸೋಷಿಯಲ್ ಸರ್ವಿಸಸ್ ಎಂಬ ಹೆಸರಿನ ದತ್ತು ಸಂಸ್ಥೆಯೊಂದು 1990ರ ದಶಕದಲ್ಲಿ ಇಲ್ಲಿಂದ ಮಕ್ಕಳನ್ನು ಹಾಲೆಂಡ್, ಆಸ್ಟ್ರೇಲಿಯ, ಅಮೆರಿಕಗಳಿಗೆ ದತ್ತು ಕಳುಹಿಸುತ್ತಿತ್ತು. 2005ರಲ್ಲಿ ಪೊಲೀಸರು ಹೊರಗೆಡಹಿದ ಸಂಗತಿ ನಗರವನ್ನೇ ನಡುಗಿಸಿತು. ಬಡಾವಣೆಗಳ ಬೀದಿಗಳಿಂದ ಕದ್ದ ಮಕ್ಕಳನ್ನು ಹಣ ಕೊಟ್ಟು ಪಡೆದು, ತಾಯಿತಂದೆಯರೇ ಒಪ್ಪಿಸಿದರೆಂಬ ಸುಳ್ಳು ಕಾಗದಗಳನ್ನು ಸೃಷ್ಟಿಸಿ ವಿದೇಶಕ್ಕೆ ಸಾಗಿಸಲಾಯಿತೆಂಬುದೇ ಸಂಸ್ಥೆಯ ಮೇಲೆ ಬಂದ ಆರೋಪ. ಮೊಕದ್ದಮೆ ಮುಂದೆ ಸಿ.ಬಿ.ಐ. ಕೈಗೆ ಹೋಯಿತು. ಪುಳಿಯಾಂತೋಪಿನಂಥ ಬಡವರ ಕೇರಿಗಳಲ್ಲಿ ಮಗುವನ್ನು ಕಳೆದುಕೊಂಡು ವರ್ಷಗಟ್ಟಲೆ ಠಾಣೆಯಿಂದ ಠಾಣೆಗೆ ಅಲೆದ ತಾಯಂದಿರಿಗೆ, ತಮ್ಮ ಮಗು ಬೇರೆ ಹೆಸರಿನಲ್ಲಿ, ಬೇರೆ ಭಾಷೆಯಲ್ಲಿ ಬೆಳೆಯುತ್ತಿದೆಯೆಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು.

ಈ ಪ್ರಕರಣದಲ್ಲಿ ಯಾರ ತಿಂಗಳ ಸಂಬಳವೂ ಮುಖ್ಯ ಪ್ರಶ್ನೆಯಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂದೊಂದು ಮಗುವಿಗೂ ಇಷ್ಟಿಷ್ಟು ಶುಲ್ಕ ಬರುವಂತಿದ್ದು, ಸಂಸ್ಥೆಯ ವರಮಾನವೆಲ್ಲ ಸಾಗಿಸಿದ ಮಕ್ಕಳ ಸಂಖ್ಯೆಯನ್ನೇ ಅವಲಂಬಿಸಿದಾಗ ಇಂಥ ಕೇಡಿಗೆ ಬಾಗಿಲು ತೆರೆಯುತ್ತದೆ. ತಿಂಗಳಿಗೆ ಗೊತ್ತಾದ ಸಂಬಳ ಪಡೆಯುವವನಿಗೆ ಮಗು ಬಂದರೂ ಒಂದೇ, ಬಾರದಿದ್ದರೂ ಒಂದೇ. ತಲೆಯೆಣಿಕೆಯ ಮೇಲೆ ಲಾಭ ಕಾಣುವವನಿಗೆ ಮಗು ಸರಕಾಗಿ ಬಿಡುತ್ತದೆ. ಸಂಬಳದ ಮೊತ್ತಕ್ಕಿಂತ ಅದು ಹುಟ್ಟುವ ಬಗೆಯನ್ನೇ ಮೊದಲು ನೋಡಬೇಕೆಂದು ನಾವು ಹೇಳುವುದು ಇದರಿಂದಲೇ.

ಸರ್ಕಾರವೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿದೆಯೆಂದು ಒಪ್ಪಬೇಕು. ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ಸುಪ್ರೀಂ ಕೋರ್ಟು 1984ರಲ್ಲಿ ವಿದೇಶೀ ದತ್ತಕಕ್ಕೆ ಕಟ್ಟಲೆಗಳನ್ನು ವಿಧಿಸಿತು. 1990ರಲ್ಲಿ ಕೇಂದ್ರ ದತ್ತಕ ಸಂಸ್ಥೆ ಸ್ಥಾಪಿತವಾಯಿತು. 2015ರಿಂದೀಚೆಗೆ ಯಾವ ಮಗು ಯಾವ ದಂಪತಿಗಳಿಗೆ ಎಂಬುದನ್ನು ಇಡೀ ದೇಶಕ್ಕೆ ಒಂದೇ ಆಗಿರುವ ಸರತಿಯ ಪಟ್ಟಿಯೇ ನಿಶ್ಚಯಿಸುತ್ತದೆ. ಸಂಸ್ಥೆಯ ಮುಖ್ಯಸ್ಥನ ಕೃಪೆ ಬೇಕಾಗಿಲ್ಲ. ಶುಲ್ಕವೂ ಗೊತ್ತಾಗಿದೆ: 2017ರ ನಿಯಮಾವಳಿಯಲ್ಲಿ ದೇಶದೊಳಗಿನ ದತ್ತಕಕ್ಕೆ ಮನೆಯ ಪರಿಶೀಲನೆಗೆಂದು 6,000 ರೂಪಾಯಿ, ಮಕ್ಕಳ ಆರೈಕೆಯ ನಿಧಿಗೆಂದು 40,000 ರೂಪಾಯಿ ನಿಗದಿಯಾಗಿತ್ತು. ಚೌಕಾಶಿಗೆ ಎಡೆಯಿಲ್ಲದಂತೆ ಮಾಡಿದ ಈ ಕ್ರಮ ಸ್ತುತ್ಯವಾದುದು.

ಆದರೆ ಮೇಲಧಿಕಾರಿಯ ಸಂಬಳವನ್ನು ಕುರಿತು ವಾದಿಸುವ ಭರದಲ್ಲಿ, ಮಗುವನ್ನು ನಿಜವಾಗಿ ಎತ್ತಿ ಆಡಿಸುವ ಕೈಯನ್ನು ನಾವು ಮರೆತಿದ್ದೇವೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯು, ನೆರವು ಪಡೆಯುವ ದತ್ತು ಸಂಸ್ಥೆಗಳಲ್ಲಿ ತಿಂಗಳಿಗೆ ವ್ಯವಸ್ಥಾಪಕನಿಗೆ 23,170 ರೂಪಾಯಿ, ಸಮಾಜ ಕಾರ್ಯಕರ್ತೆಗೆ 18,536, ದಾದಿಗೆ 11,916, ಆಯಾಗೆ 7,944 ಎಂದು ಲೆಕ್ಕ ಹಾಕಿದೆ. ಆಯಾಳ ಪಾಲು ದಿನಕ್ಕೆ 265 ರೂಪಾಯಿಯಷ್ಟಾಯಿತು. ತೊಟ್ಟಿಲಲ್ಲಿ ಬಿಟ್ಟುಹೋದ ಹಸುಗೂಸಿಗೆ ನಡುರಾತ್ರಿ ಹಾಲು ಕುಡಿಸುವವಳು, ಜ್ವರ ಬಂದರೆ ಮಗ್ಗುಲಲ್ಲಿ ಕುಳಿತಿರುವವಳು ಅವಳು. ಆ ಸಂಬಳದಲ್ಲಿ ಈ ನಗರದ ಯಾವ ಮೂಲೆಯಲ್ಲಿ ಒಂದು ಕೋಣೆಯ ಬಾಡಿಗೆ ಕೊಟ್ಟು ಸಂಸಾರ ಸಾಗಿಸಲು ಸಾಧ್ಯವೆಂಬುದನ್ನು ನಮ್ಮ ವಾಚಕರೇ ಲೆಕ್ಕ ಹಾಕಲಿ. ಹೀಗೆ ಕೊಟ್ಟರೆ ಆಯಾಗಳು ವರ್ಷ ತುಂಬುವ ಮೊದಲೇ ಬೇರೆ ಕೆಲಸ ಹುಡುಕಿ ಹೋಗುತ್ತಾರೆ. ಒಮ್ಮೆ ತಾಯಿಯನ್ನು ಕಳೆದುಕೊಂಡ ಮಗು ತನಗೆ ಹೊಂದಿಕೊಂಡ ಮಡಿಲನ್ನು ಮತ್ತೆ ಮತ್ತೆ ಕಳೆದುಕೊಳ್ಳುತ್ತದೆ.

ಆದುದರಿಂದ ಮುಖ್ಯಸ್ಥನ ಸಂಬಳ ನ್ಯಾಯವೋ ಅಲ್ಲವೋ ಎಂಬುದನ್ನು ಅಳೆಯಬೇಕಾದುದು ಆಯಾಳ ಸಂಬಳದೊಡನೆ ಹೋಲಿಸಿ. ಸರ್ಕಾರದ ಲೆಕ್ಕದಲ್ಲಿ ಇವೆರಡರ ಅಂತರ ಮೂರು ಪಾಲಿಗೂ ಕಡಿಮೆ. ಸ್ವಂತ ದೇಣಿಗೆಯಿಂದ ನಡೆಯುವ ಸಂಸ್ಥೆ ಯೋಗ್ಯನಾದ ಮುಖ್ಯಸ್ಥನಿಗೆ ಇದಕ್ಕಿಂತ ಹೆಚ್ಚು ಕೊಟ್ಟರೆ ನಮ್ಮ ಆಕ್ಷೇಪವಿಲ್ಲ. ನೂರಾರು ಮಕ್ಕಳ ಹೊಣೆ ಹೊರುವುದು ಸಾಮಾನ್ಯದ ಮಾತಲ್ಲ. ಆದರೆ ಮೇಲಿನವನ ಸಂಬಳ ವರ್ಷ ವರ್ಷವೂ ಏರಿ, ಕೆಳಗಿನವಳದು ನಿಂತಲ್ಲಿಯೇ ನಿಂತರೆ ಅದು ಸೇವಾ ಸಂಸ್ಥೆಯೆಂಬ ಹೆಸರಿಗೆ ಅರ್ಹವಲ್ಲ.

ಆಡಳಿತದ ವೆಚ್ಚವನ್ನೆಲ್ಲ ಪೋಲು ಎಂದೆಣಿಸುವ ಇನ್ನೊಂದು ಭ್ರಮೆಯೂ ಹರಡಿದೆ. 2020ರಲ್ಲಿ ವಿದೇಶೀ ದೇಣಿಗೆಯ ಕಾನೂನನ್ನು ತಿದ್ದಿ, ಆ ಹಣದಲ್ಲಿ ಆಡಳಿತಕ್ಕೆ ವೆಚ್ಚ ಮಾಡಬಹುದಾದ ಪಾಲನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಲಾಯಿತು. ಉದ್ದೇಶ ಒಳ್ಳೆಯದಿರಬಹುದು. ಆದರೆ ಕಡತ ಬರೆಯುವ ಗುಮಾಸ್ತನ ಸಂಬಳವನ್ನೂ ಆಡಳಿತ ಮಂಡಲಿಯ ಪ್ರಯಾಣದ ವೆಚ್ಚವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲು ಕೆಲಸ ಕಳೆದುಕೊಳ್ಳುವವನು ಯಾರೆಂಬುದು ಗುಮಾಸ್ತ ಬಂಧುಗಳಿಗೆ ಗೊತ್ತು. ದತ್ತು ಸಂಸ್ಥೆಯಲ್ಲಿ ಕಾಗದವೆಂದರೆ ಮಗುವಿನ ಜಾತಕವಿದ್ದಂತೆ. ಅದು ಎಲ್ಲಿ ಸಿಕ್ಕಿತು, ಯಾರು ಒಪ್ಪಿಸಿದರು, ಸಹಿ ಯಾರದು ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಡುವವನೊಬ್ಬನಿದ್ದರೆ ಕದ್ದ ಮಗುವನ್ನು ಸಾಗಿಸುವುದು ಸುಲಭವಾಗುತ್ತಿರಲಿಲ್ಲ.

ಕೊನೆಯದಾಗಿ ಬಹಿರಂಗದ ಪ್ರಶ್ನೆ. ಅಮೆರಿಕದಲ್ಲಿ ಧರ್ಮಸಂಸ್ಥೆಗಳು ಮುಖ್ಯಾಧಿಕಾರಿಗಳ ಸಂಬಳವನ್ನು ಪ್ರತಿವರ್ಷ ಸರ್ಕಾರಕ್ಕೆ ತಿಳಿಸಬೇಕು, ಆ ಪತ್ರವನ್ನು ಯಾರಾದರೂ ನೋಡಬಹುದು. ಇಂಗ್ಲೆಂಡಿನ ದೊಡ್ಡ ಧರ್ಮಸಂಸ್ಥೆಗಳು 60,000 ಪೌಂಡಿಗೆ ಮೀರಿ ಪಡೆಯುವ ನೌಕರರೆಷ್ಟು ಮಂದಿ ಎಂಬುದನ್ನು ಲೆಕ್ಕಪತ್ರದಲ್ಲಿ ತೋರಿಸುತ್ತವೆ. ನಮ್ಮಲ್ಲಿ 1961ರ ಆದಾಯ ತೆರಿಗೆ ಶಾಸನವು, ಧರ್ಮಸಂಸ್ಥೆಯು ತನ್ನ ಸ್ಥಾಪಕರಿಗೋ ಅವರ ಬಂಧುಗಳಿಗೋ ಯುಕ್ತವಾದುದಕ್ಕಿಂತ ಹೆಚ್ಚು ಸಂಬಳ ಕೊಟ್ಟರೆ ತೆರಿಗೆಯ ವಿನಾಯಿತಿಗೆ ಎರವಾಗುವಂತೆ ಮಾಡಿತ್ತು. ಆದರೆ ಅದು ಅಧಿಕಾರಿಗೂ ಸಂಸ್ಥೆಗೂ ನಡುವಣ ಮಾತು. ಡಬ್ಬಿಯಲ್ಲಿ ಹಣ ಹಾಕಿದವನ ಕಿವಿಗೆ ಅದು ಬೀಳುವುದಿಲ್ಲ.

ಅದನ್ನು ಕಿವಿಗೆ ಬೀಳುವಂತೆ ಮಾಡುವುದು ನಮ್ಮ ಕೈಯಲ್ಲಿಯೇ ಇದೆ. ಡಬ್ಬಿ ಇಡಲು ಬಂದ ಸಂಸ್ಥೆಯನ್ನು ಹೋಟೆಲಿನ ಯಜಮಾನರು ಮೂರು ಮಾತು ಕೇಳಲಿ: ನಿಮ್ಮ ಮುಖ್ಯಸ್ಥರ ಸಂಬಳವೆಷ್ಟು? ನಿಮ್ಮ ಆಯಾಳ ಸಂಬಳವೆಷ್ಟು? ದತ್ತು ಹೋದ ಮಕ್ಕಳ ಸಂಖ್ಯೆಗೆ ತಕ್ಕಂತೆ ಯಾರಿಗಾದರೂ ಹಣ ಸಲ್ಲುವುದುಂಟೆ? ಈ ಮೂರಕ್ಕೂ ಉತ್ತರವನ್ನು ವರ್ಷದ ಲೆಕ್ಕದೊಡನೆ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಡಬ್ಬಿಯ ಪಕ್ಕದಲ್ಲಿಯೇ ಅಂಟಿಸಲಿ. ರಸೀದಿ ಪುಸ್ತಕದವರನ್ನು ಗುಮಾಸ್ತರೂ ಹೀಗೆಯೇ ಕೇಳಲಿ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆಗೆ ಈ ಪ್ರಶ್ನೆಗಳು ಗೌರವವನ್ನೇ ತರುತ್ತವೆ. ಉತ್ತರಿಸಲು ಹಿಂಜರಿಯುವವರ ಡಬ್ಬಿಗೆ ನಮ್ಮ ಗಲ್ಲಾದ ಬಳಿ ಜಾಗ ಬೇಕಾಗಿಲ್ಲ.

ಕೊಡುವುದನ್ನು ನಿಲ್ಲಿಸಬೇಡಿರೆಂದೇ ನಮ್ಮ ಬಾಂಧವರಲ್ಲಿ ಬಿನ್ನಹ. ಸಂಶಯದಿಂದ ಕೈ ಹಿಂದೆಗೆದರೆ ಹಸಿಯುವುದು ಮೇಲಧಿಕಾರಿಯಲ್ಲ, ಮಗು. ಕೇಳಿ ಕೊಡಿರಿ, ಕೊಟ್ಟ ಮೇಲೆಯೂ ಕೇಳಿರಿ. ಮಕ್ಕಳನ್ನು ಸಾಕುವವರಿಗೆ ಯೋಗ್ಯವಾದ ವೇತನ ದೊರೆಯಲಿ; ಅದು ಆಯಾಳಿಂದ ಮೊದಲುಗೊಂಡು ಮೇಲಕ್ಕೆ ಏರಲಿ.